ಗೇಜ್ ತೋರಿಸೋದು ನಂಬರ್ ಮಾತ್ರ, ತೀರ್ಪಲ್ಲ: ಹಳೆಯ ಪರ್ಫಾರ್ಮೆನ್ಸ್ ಕಾರಿನ ಕಂಪ್ರೆಷನ್ ಟೆಸ್ಟ್ ಓದೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ಹೋದ ವಾರ ಹಳೆಯ ಕಾರುಗಳ ನೋಂದಣಿ ನವೀಕರಣದ ಬಗ್ಗೆ ಮಾತಾಡಿದ್ವಿ. 15 ವರ್ಷ ದಾಟಿದ ಖಾಸಗಿ ಕಾರನ್ನ ಐದೈದು ವರ್ಷಕ್ಕೆ ನವೀಕರಿಸಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ಆ ಸಂಚಿಕೆ ಕೇಳಿದ ಮೇಲೆ ಬೆಂಗಳೂರಿನ ಒಬ್ಬ ಕೇಳುಗರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಇವತ್ತಿನ ಇಡೀ ಸಂಚಿಕೆ ಅದರ ಮೇಲೆ.

ಅವರ ಮನೇಲಿ 2002ರ ಹೋಂಡಾ ಸಿಟಿ ವಿಟೆಕ್ ಇದೆ. ಅಪ್ಪ ತಗೊಂಡಿದ್ದ ಕಾರು, ಅಪ್ಪ ಈಗಿಲ್ಲ. ನವೀಕರಣಕ್ಕೆ ಮುಂಚೆ ಒಮ್ಮೆ ಗ್ಯಾರೇಜಿಗೆ ಕೊಟ್ಟಿದ್ದಾರೆ. ಬೆಳಗ್ಗೆ ಐಡಲ್‌ನಲ್ಲಿ ನಡುಗುತ್ತೆ, ಮೊದಲಿನ ಪಿಕಪ್ ಇಲ್ಲ ಅಂತ. ಗ್ಯಾರೇಜಿನವರು ಕಂಪ್ರೆಷನ್ ಟೆಸ್ಟ್ ಮಾಡಿ ಒಂದು ಚೀಟಿ ಕೊಟ್ಟಿದ್ದಾರೆ: ಒಂದನೇ ಸಿಲಿಂಡರ್ 158, ಎರಡನೇದು 160, ಮೂರನೇದು 112, ನಾಲ್ಕನೇದು 156. ಲೆಕ್ಕ ಪಿಎಸ್‌ಐನಲ್ಲಿ. ಕೆಳಗೆ ಒಂದೇ ಸಾಲು: "ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು." ಮನೆಯವರು "ಇಷ್ಟು ಖರ್ಚು ಯಾಕೆ, ಗುಜರಿಗೆ ಕೊಡು" ಅಂತಿದ್ದಾರೆ. ಇವರಿಗೆ ಮನಸ್ಸಿಲ್ಲ. ಪ್ರಶ್ನೆ ಸರಳ: ಈ ನಾಲ್ಕು ನಂಬರ್ ನೋಡಿ ಇಂಜಿನ್ ಬಿಚ್ಚಬೇಕು ಅಂತ ಹೇಳೋಕೆ ಆಗುತ್ತಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಆಗಲ್ಲ. ಮೂರನೇ ಸಿಲಿಂಡರ್‌ನಲ್ಲಿ ಏನೋ ಸರಿಯಿಲ್ಲ ಅನ್ನೋದು ಖಚಿತ. ಆದರೆ ಅದು ರಿಂಗೇ ಅಂತ ಈ ಚೀಟಿ ಹೇಳ್ತಿಲ್ಲ. ಯಾಕೆ ಅಂತ ನೋಡೋಣ.

ಈ ಕಾರು ಯಾಕೆ ಮುಖ್ಯ

ಈಗಿನವರಿಗೆ ಸಿಟಿ ಅಂದ್ರೆ ಒಂದು ಫ್ಯಾಮಿಲಿ ಸೆಡಾನ್. ಆದರೆ 2000ದ ದಶಕದ ಆರಂಭದಲ್ಲಿ 1.5 ಲೀಟರ್ ವಿಟೆಕ್ ಇಂಜಿನ್, 106 ಹಾರ್ಸ್‌ಪವರ್, ಹಗುರವಾದ ಬಾಡಿ ಅಂದ್ರೆ ನಮ್ಮ ರಸ್ತೆಗಳಲ್ಲಿ ಅದು ರಾಕೆಟ್. 2003ರಲ್ಲಿ ಹೊಸ ಮಾದರಿಯ ಸಿಟಿ ಬಂದಾಗ ಈ ಇಂಜಿನ್ ಹೋಯ್ತು. ಇವತ್ತಿಗೂ ಚೆನ್ನಾಗಿರೋ ಒಂದು ವಿಟೆಕ್ ಸಿಕ್ಕರೆ ಬಿಡದೆ ತಗೊಳ್ಳುವವರಿದ್ದಾರೆ. ಇಂಥ ಕಾರು ಕೊಳ್ಳುವಾಗ, ಮಾರುವಾಗ, ಉಳಿಸಿಕೊಳ್ಳುವಾಗ ಎಲ್ಲರೂ ಕೇಳೋದು ಒಂದೇ: "ಕಂಪ್ರೆಷನ್ ಎಷ್ಟಿದೆ?"

ಸಿಲಿಂಡರ್ ಒಳಗೆ ಏನಾಗುತ್ತೆ

ಸೈಕಲ್ ಪಂಪಿನ ತುದಿಯನ್ನ ಬೆರಳಿಂದ ಮುಚ್ಚಿ ಒತ್ತಿ ನೋಡಿ. ಗಾಳಿ ಒಳಗೇ ಉಳಿದು ಒತ್ತಡ ಏರುತ್ತೆ. ಬೆರಳು ಸ್ವಲ್ಪ ಸಡಿಲವಾದರೆ ಗಾಳಿ ಸುಯ್ ಅಂತ ಹೊರಗೆ. ಸಿಲಿಂಡರ್‌ನಲ್ಲೂ ಅಷ್ಟೇ. ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನ ತಡೆಯೋರು ಮೂವರು: ಪಿಸ್ಟನ್ ಸುತ್ತ ಇರುವ ರಿಂಗ್‌ಗಳು, ಮೇಲಿನ ವಾಲ್ವ್‌ಗಳು, ಬ್ಲಾಕ್‌ಗೂ ಹೆಡ್‌ಗೂ ನಡುವಿನ ಗ್ಯಾಸ್ಕೆಟ್. ಸ್ಪಾರ್ಕ್ ಪ್ಲಗ್ ಜಾಗದಲ್ಲಿ ಗೇಜ್ ಹಾಕಿ ಸೆಲ್ಫ್ ಹೊಡೆದರೆ ಆ ಒತ್ತಡ ಎಷ್ಟು ಅಂತ ಮುಳ್ಳು ತೋರಿಸುತ್ತೆ. ಟೆಸ್ಟ್ ಅಂದ್ರೆ ಇಷ್ಟೇ.

ಇಲ್ಲಿ ತುಂಬಾ ಜನ ಒಂದು ಲೆಕ್ಕ ತಪ್ಪಾಗಿ ಮಾಡ್ತಾರೆ. ಕಂಪ್ರೆಷನ್ ರೇಷಿಯೋ 9ಕ್ಕೆ 1 ಇದ್ದರೆ ವಾತಾವರಣದ ಒತ್ತಡ 14.7 ಪಿಎಸ್‌ಐಯನ್ನ 9ರಿಂದ ಗುಣಿಸಿ "132 ಬಂದರೆ ಸಾಕು" ಅಂತಾರೆ. ಆದರೆ ಗಾಳಿ ಒತ್ತಿದಾಗ ಬಿಸಿಯಾಗುತ್ತೆ. ಪಂಪ್ ಹೊಡೆದಾಗ ಅದರ ಬುಡ ಕಾಯೋದು ಅದಕ್ಕೇ. ಬಿಸಿಯಾದ ಗಾಳಿಯ ಒತ್ತಡ ಇನ್ನೂ ಜಾಸ್ತಿ. ಅದಕ್ಕೇ ಆರೋಗ್ಯವಾಗಿರೋ ಇಂಜಿನ್ ಈ ಲೆಕ್ಕಕ್ಕಿಂತ ಸಾಕಷ್ಟು ಮೇಲಿರುತ್ತೆ. ಇನ್ನೊಂದು ಕಡೆ, ಪಿಸ್ಟನ್ ಮೇಲೇರೋಕೆ ಶುರು ಮಾಡಿದ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತೆ. ಅಷ್ಟರಲ್ಲಿ ಒಂದಿಷ್ಟು ಗಾಳಿ ವಾಪಸ್ ಹೋಗಿ ರೀಡಿಂಗ್ ಇಳಿಯುತ್ತೆ.

ಪರ್ಫಾರ್ಮೆನ್ಸ್ ಇಂಜಿನ್‌ಗಳಲ್ಲಿ ಈ ಎರಡನೇ ವಿಷಯ ದೊಡ್ಡದು. ರೇಸಿಂಗ್ ಕ್ಯಾಮ್ ಹಾಕಿದ ಇಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್ ಇನ್ನೂ ತಡವಾಗಿ ಮುಚ್ಚುತ್ತೆ. 6,000 ಆರ್‌ಪಿಎಂನಲ್ಲಿ ಅದರಿಂದ ಲಾಭ. ಸೆಲ್ಫ್ ಹೊಡೆಯುವ 200-250 ಆರ್‌ಪಿಎಂನಲ್ಲಿ ಗಾಳಿ ವಾಪಸ್ ಹೋಗಿ ನಂಬರ್ ಕಡಿಮೆ ಕಾಣುತ್ತೆ. ಇಂಜಿನ್ ಚೆನ್ನಾಗೇ ಇರುತ್ತೆ, ಚೀಟಿ ಮಾತ್ರ ಹೆದರಿಸುತ್ತೆ. ವಿಟೆಕ್‌ನಲ್ಲಿ ಈ ತೊಂದರೆ ಇಲ್ಲ. ಅದರ ದೊಡ್ಡ ಕ್ಯಾಮ್ ಕೆಲಸಕ್ಕೆ ಬರೋದು ಆರ್‌ಪಿಎಂ ಏರಿ ಆಯಿಲ್ ಪ್ರೆಷರ್ ಅದನ್ನ ಲಾಕ್ ಮಾಡಿದಾಗ. ಸೆಲ್ಫ್ ಹೊಡೆಯುವಾಗ ಸಾಧಾರಣ ಕ್ಯಾಮ್ ಮೇಲೇ ಓಡ್ತಿರುತ್ತೆ. ಹಾಗಾಗಿ "ವಿಟೆಕ್ ಅಲ್ವಾ, ಕಂಪ್ರೆಷನ್ ಹಾಗೇ ಬರುತ್ತೆ" ಅಂತ ಯಾರಾದ್ರೂ ಹೇಳಿದರೆ ಒಪ್ಪಬೇಡಿ.

ಬೆಂಗಳೂರಿನ ನಂಬರ್ ಬೇರೆ, ಮಂಗಳೂರಿನ ನಂಬರ್ ಬೇರೆ

ನಮ್ಮಲ್ಲಿ ಯಾರೂ ಮಾತಾಡದ ವಿಷಯ ಇದು. ಸರ್ವಿಸ್ ಮ್ಯಾನುಯಲ್‌ನ ನಂಬರ್‌ಗಳನ್ನ ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕದಲ್ಲೇ ಓದಬೇಕು. ಬೆಂಗಳೂರು ಇರೋದು 900 ಮೀಟರ್‌ಗಿಂತ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತು ಪರ್ಸೆಂಟ್ ಕಡಿಮೆ. ಒಳಗೆ ಹೋಗೋ ಗಾಳಿಯೇ ಕಡಿಮೆಯಾದ್ರೆ ಒತ್ತಿದ ಮೇಲೆ ಬರೋ ಒತ್ತಡವೂ ಅದೇ ಪ್ರಮಾಣದಲ್ಲಿ ಕಡಿಮೆ. ಮಂಗಳೂರಿನಲ್ಲಿ 175 ತೋರಿಸುವ ಇಂಜಿನ್, ಏನೂ ಬದಲಾಗದೆ, ಶಿರಾಡಿ ಘಾಟ್ ಹತ್ತಿ ಬೆಂಗಳೂರಿಗೆ ಬಂದು ಅಳೆದರೆ 157ರ ಆಸುಪಾಸು ತೋರಿಸುತ್ತೆ.

ಈಗ ನಮ್ಮ ಕೇಳುಗರ ಚೀಟಿಗೆ ಬನ್ನಿ. 158, 160, 156. ಇವು ಬೆಂಗಳೂರಿನಲ್ಲಿ ಅಳೆದ ನಂಬರ್. ಸಮುದ್ರಮಟ್ಟಕ್ಕೆ ತಂದರೆ 175ರ ಹತ್ತಿರ. ಇಪ್ಪತ್ತು ದಾಟಿದ ಇಂಜಿನ್‌ಗೆ ಇದು ಒಳ್ಳೆಯ ಸುದ್ದಿ. ಅಂದ್ರೆ ನಾಲ್ಕರಲ್ಲಿ ಮೂರು ಸಿಲಿಂಡರ್ ಆರೋಗ್ಯವಾಗಿದೆ. "ಇಂಜಿನ್ ಮುಗೀತು" ಅನ್ನೋ ಮಾತು ಇಲ್ಲಿಗೇ ನಿಲ್ಲಬೇಕು.

ಇದೇ ಡಿ ಸೀರೀಸ್ ಕುಟುಂಬದ ಇಂಜಿನ್ ಇದ್ದ 1990ರ ದಶಕದ ಸಿವಿಕ್‌ಗೆ ಹೋಂಡಾ ಕೊಟ್ಟ ಮಿತಿ ಹೀಗಿದೆ: ಕನಿಷ್ಠ 135 ಪಿಎಸ್‌ಐ, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ 28. ಬೆಂಗಳೂರಿನ ಎತ್ತರಕ್ಕೆ ಇಳಿಸಿದರೆ ಆ ಕನಿಷ್ಠ ಸುಮಾರು 121 ಆಗುತ್ತೆ. ಮೂರನೇ ಸಿಲಿಂಡರ್ 112. ಅದಕ್ಕಿಂತ ಕೆಳಗೆ. ವ್ಯತ್ಯಾಸವೂ 48. ಎರಡು ಲೆಕ್ಕದಲ್ಲೂ ಫೇಲ್. ತೊಂದರೆ ಇದೆ, ಅನುಮಾನ ಬೇಡ. ಆದರೆ ಎಲ್ಲಿ?

ನಾನು ಬಿ.ಕಾಂ ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಕಂಪ್ರೆಷನ್ ಟೆಸ್ಟ್ ಒಂದು ಟ್ರಯಲ್ ಬ್ಯಾಲೆನ್ಸ್ ಇದ್ದ ಹಾಗೆ. ಟ್ಯಾಲಿ ಆಗಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅನ್ನೋದು ನಿಶ್ಚಿತ. ಆದರೆ ಯಾವ ಖಾತೆಯಲ್ಲಿ ಅಂತ ಅದು ಹೇಳಲ್ಲ, ನೀವು ಹುಡುಕಬೇಕು. ಟ್ಯಾಲಿ ಆದರೂ ಎಲ್ಲಾ ಸರಿ ಇದೆ ಅಂತ ಅರ್ಥ ಅಲ್ಲ. ಈ ಎರಡನೇ ಮಾತಿಗೆ ಕೊನೆಯಲ್ಲಿ ಬರ್ತೀನಿ.

ಟೆಸ್ಟ್ ಸರಿಯಾಗಿ ಮಾಡಿದ್ದಾರಾ?

ನಂಬರ್ ನಂಬೋ ಮುಂಚೆ ಅದು ಹೇಗೆ ಬಂತು ಅಂತ ಕೇಳಿ. ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ್ದು ಇಷ್ಟು.

ಇಂಜಿನ್ ಓಡಿಸಿ ಬಿಸಿ ಮಾಡಿರಬೇಕು. ಬಿಸಿಯಾದಾಗಲೇ ರಿಂಗ್, ಪಿಸ್ಟನ್ ತಮ್ಮ ಸರಿಯಾದ ಅಳತೆಗೆ ಹಿಗ್ಗೋದು. ಆದರೆ ಕೈ ಸುಡುವಷ್ಟು ಬಿಸಿ ಇರುವಾಗ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು, ಸ್ವಲ್ಪ ಆರಲಿ. ಪ್ಲಗ್ ಸುತ್ತ ಇರೋ ಧೂಳನ್ನ ಮೊದಲು ಏರ್ ಹೊಡೆದು ತೆಗೀಬೇಕು, ಇಲ್ಲಾಂದ್ರೆ ಅದು ನೇರ ಸಿಲಿಂಡರ್ ಒಳಗೆ.

ನಾಲ್ಕೂ ಪ್ಲಗ್ ಹೊರಗಿರಬೇಕು. ಒಂದೊಂದೇ ಬಿಚ್ಚಿ ಅಳೆದರೆ ಉಳಿದ ಮೂರು ಸಿಲಿಂಡರ್‌ನ ಭಾರ ಸೆಲ್ಫ್ ಮೋಟಾರ್ ಮೇಲೆ ಬಿದ್ದು ವೇಗ ಕಡಿಮೆಯಾಗುತ್ತೆ. ಇಗ್ನಿಷನ್ ಮತ್ತು ಪೆಟ್ರೋಲ್ ಎರಡೂ ಕಟ್ ಆಗಿರಬೇಕು. ಇದು ಸುರಕ್ಷತೆಯ ಮಾತು: ತೆರೆದ ಪ್ಲಗ್ ತೂತಿಂದ ಪೆಟ್ರೋಲ್ ಹಬೆ ಬರ್ತಿರುವಾಗ ಪಕ್ಕದಲ್ಲಿ ಒಂದು ಕಿಡಿ ಸಾಕು. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ.

ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ಇದನ್ನ ಮರೆತರೆ ಥ್ರಾಟಲ್ ಮುಚ್ಚಿರುತ್ತೆ, ಗಾಳಿಯೇ ಒಳಗೆ ಹೋಗಲ್ಲ, ನಾಲ್ಕೂ ಸಿಲಿಂಡರ್ ಕಡಿಮೆ ತೋರಿಸುತ್ತೆ. ಬ್ಯಾಟರಿ ಫುಲ್ ಚಾರ್ಜ್ ಇರಬೇಕು. ಮೊದಲ ಸಿಲಿಂಡರ್‌ಗೆ ಚೆನ್ನಾಗಿ ತಿರುಗಿ, ನಾಲ್ಕನೇದಕ್ಕೆ ಬರುವಷ್ಟರಲ್ಲಿ ಬ್ಯಾಟರಿ ಸುಸ್ತಾದರೆ ಕೊನೆಯ ನಂಬರ್ ಸುಳ್ಳಾಗುತ್ತೆ. ಪ್ರತಿ ಸಿಲಿಂಡರ್‌ಗೂ ಅಷ್ಟೇ ಸಲ ತಿರುಗಿಸಬೇಕು, ಆರು ಅಂದ್ರೆ ಆರು.

ಗೇಜ್ ಬಗ್ಗೆ ಒಂದು ಸಣ್ಣ ಮಾತು. ಪೈಪಿನ ತುದಿಯಲ್ಲಿ, ಪ್ಲಗ್ ತೂತಿನ ಹತ್ತಿರ, ಟೈರ್ ವಾಲ್ವ್ ತರದ ಒಂದು ಸಣ್ಣ ವಾಲ್ವ್ ಇರುತ್ತೆ. ಅದು ಹಾಳಾದಾಗ ಕೆಲವರು ಮಾಮೂಲಿ ಟೈರ್ ವಾಲ್ವ್ ಪಿನ್ ಹಾಕಿಬಿಡ್ತಾರೆ. ನೋಡೋಕೆ ಒಂದೇ ತರ. ಆದರೆ ಟೈರ್ ಪಿನ್‌ನ ಸ್ಪ್ರಿಂಗ್ ಗಟ್ಟಿ, ಹಾಗಾಗಿ ರೀಡಿಂಗ್ ಇಳಿಯುತ್ತೆ. ಎಲ್ಲಾ ಸಿಲಿಂಡರ್‌ನಲ್ಲೂ ನಂಬರ್ ಕಡಿಮೆ ಬಂದರೆ ಇಂಜಿನ್ ಮೇಲೆ ಅನುಮಾನ ಪಡೋ ಮುಂಚೆ ಬೇರೆ ಗೇಜ್ ಹಾಕಿಸಿ ನೋಡಿ.

ಮುಳ್ಳು ಹೇಗೆ ಏರ್ತು ಅನ್ನೋದನ್ನೂ ನೋಡಿ

ಹೆಚ್ಚಿನವರು ಕೊನೆಯ ನಂಬರ್ ಮಾತ್ರ ಬರೀತಾರೆ. ಆದರೆ ಮುಳ್ಳು ಏರುವ ರೀತಿಯಲ್ಲೇ ಅರ್ಧ ಕತೆ ಇದೆ. ಒಳ್ಳೆಯ ಸಿಲಿಂಡರ್‌ನಲ್ಲಿ ಮೊದಲ ಹೊಡೆತಕ್ಕೇ ಮುಳ್ಳು ಜೋರಾಗಿ ಜಿಗಿದು ನಾಲ್ಕೈದು ಹೊಡೆತಕ್ಕೆ ನಿಲ್ಲುತ್ತೆ. ರಿಂಗ್ ಸವೆದಿದ್ದರೆ ಮೊದಲ ಹೊಡೆತ ಕಡಿಮೆ, ಆಮೇಲೆ ಒಂದೊಂದು ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಏರುತ್ತಾ ಹೋಗುತ್ತೆ. ವಾಲ್ವ್ ಲೀಕ್ ಇದ್ದರೆ ಮೊದಲ ಹೊಡೆತವೂ ಕಡಿಮೆ, ಆಮೇಲೂ ಅಷ್ಟಾಗಿ ಏರಲ್ಲ. ಆದ್ದರಿಂದ ಪ್ರತಿ ಸಿಲಿಂಡರ್‌ಗೆ ಮೊದಲ ಹೊಡೆತದ್ದು ಒಂದು, ಕೊನೆಯದ್ದು ಒಂದು, ಎರಡು ನಂಬರ್ ಬರೆಸಿಕೊಳ್ಳಿ. ಫೋನ್‌ನಲ್ಲಿ ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೇದು.

ಒಂದು ಚಮಚ ಆಯಿಲ್‌ನ ಎರಡನೇ ಟೆಸ್ಟ್

ಕಡಿಮೆ ಬಂದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೀತಾರೆ. ಇದಕ್ಕೆ ವೆಟ್ ಟೆಸ್ಟ್ ಅಂತಾರೆ. ಆಯಿಲ್ ಪಿಸ್ಟನ್ ಸುತ್ತ ಹರಡಿ ರಿಂಗ್ ಜಾಗದ ಸಂದಿಯನ್ನ ತಾತ್ಕಾಲಿಕವಾಗಿ ಮುಚ್ಚುತ್ತೆ. ನಂಬರ್ ಚೆನ್ನಾಗಿ ಏರಿದರೆ ಗಾಳಿ ಹೋಗ್ತಿದ್ದದ್ದು ರಿಂಗ್ ಅಥವಾ ಬೋರ್ ಕಡೆಯಿಂದ. ಏರದೇ ಹಾಗೇ ನಿಂತರೆ ದೋಷ ಮೇಲ್ಗಡೆ, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಯಾಕಂದ್ರೆ ಆಯಿಲ್ ಅಲ್ಲಿಗೆ ತಲುಪಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಮೊದಲ ಅನುಮಾನ. ನಾಲ್ಕೂ ಸಮವಾಗಿ ಬಿದ್ದಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿರಬಹುದು ಅನ್ನೋದನ್ನೂ ನೋಡಬೇಕು.

ನಮ್ಮ ಕೇಳುಗರಿಗೆ ಈ ಎರಡನೇ ಟೆಸ್ಟ್ ಮಾಡಿಸಿ ಅಂತ ಹೇಳಿದೆ. ಎರಡು ದಿನ ಬಿಟ್ಟು ಮೆಸೇಜ್ ಬಂತು. ಆಯಿಲ್ ಹಾಕಿದ ಮೇಲೆ ಮೂರನೇ ಸಿಲಿಂಡರ್ 112ರಿಂದ 115ಕ್ಕೆ ಬಂತು, ಅಷ್ಟೇ. ಅಂದ್ರೆ ರಿಂಗ್ ಮೇಲಿನ ಆರೋಪ ನಿಲ್ಲಲ್ಲ. ಪಕ್ಕದ ಎರಡೂ ಸಿಲಿಂಡರ್ ಚೆನ್ನಾಗಿವೆ, ಕೂಲೆಂಟ್ ಕಡಿಮೆಯಾಗ್ತಿಲ್ಲ. ಹಾಗಾಗಿ ಗ್ಯಾಸ್ಕೆಟ್ ಕೂಡ ದೂರದ ಮಾತು. ಉಳಿದದ್ದು ವಾಲ್ವ್.

ಆಮೇಲೆ ಅವರು ಒಂದು ಮಾತು ಸೇರಿಸಿದ್ರು: "ಮಧ್ಯೆ ನಾಲ್ಕು ವರ್ಷ ಗ್ಯಾಸ್ ಕಿಟ್ ಹಾಕಿಸಿ ಓಡಿಸಿದ್ವಿ." ಇದು ಸಣ್ಣ ಸುಳಿವಲ್ಲ. ಪೆಟ್ರೋಲ್‌ಗೆ ಮಾಡಿದ ಇಂಜಿನ್ ಗ್ಯಾಸ್‌ನಲ್ಲಿ ಓಡಿದರೆ ವಾಲ್ವ್ ಸೀಟ್ ಬೇಗ ಸವೆಯಬಹುದು. ಸೀಟ್ ಸವೆದಷ್ಟೂ ವಾಲ್ವ್ ಮೇಲಕ್ಕೆ ಕೂರುತ್ತೆ, ಟಾಪೆಟ್ ಸಂದು ಕಡಿಮೆಯಾಗುತ್ತೆ. ಒಂದು ಹಂತದಲ್ಲಿ ಸಂದೇ ಇರಲ್ಲ, ವಾಲ್ವ್ ಪೂರ್ತಿ ಮುಚ್ಚೋದೇ ಇಲ್ಲ. ಎಕ್ಸಾಸ್ಟ್ ವಾಲ್ವ್‌ಗೆ ಇದು ಇನ್ನೂ ಅಪಾಯ. ಸೀಟ್ ಮೇಲೆ ಕೂತಾಗಲೇ ಅದು ತನ್ನ ಬಿಸಿ ಇಳಿಸಿಕೊಳ್ಳೋದು. ಕೂರದಿದ್ದರೆ ಸುಟ್ಟುಹೋಗುತ್ತೆ.

ಈ ಹೋಂಡಾ ಇಂಜಿನ್‌ನಲ್ಲಿ ಟಾಪೆಟ್ ಸಂದನ್ನ ಸ್ಕ್ರೂ ತಿರುಗಿಸಿ ಸೆಟ್ ಮಾಡಬಹುದು. ಮೇಲಿನ ವಾಲ್ವ್ ಕವರ್ ತೆಗೆದು, ತಣ್ಣಗಿರುವ ಇಂಜಿನ್‌ನಲ್ಲಿ ಫೀಲರ್ ಗೇಜ್ ಹಿಡಿದು ಮಾಡುವ ಅರ್ಧ ದಿನದ ಕೆಲಸ. ಇಂಜಿನ್ ಇಳಿಸಬೇಕಿಲ್ಲ, ಹೆಡ್ ಕೂಡ ಬಿಚ್ಚಬೇಕಿಲ್ಲ. ಸೆಟ್ ಮಾಡಿ ಮತ್ತೆ ಅಳೆದಾಗ ನಂಬರ್ ಏರಿದರೆ ಕೆಲಸ ಅಲ್ಲಿಗೆ ಮುಗೀತು. ಏರದಿದ್ದರೆ ವಾಲ್ವ್ ಸುಟ್ಟಿರಬಹುದು, ಆಗ ಹೆಡ್ ಮಾತ್ರ ಇಳಿಸಿ ವಾಲ್ವ್ ಕೆಲಸ. ಆಗಲೂ ಬ್ಲಾಕ್ ಬಿಚ್ಚೋದು, ಬೋರ್ ಮಾಡಿಸೋದು, ಪಿಸ್ಟನ್ ಹುಡುಕೋದು ಬೇಕಿಲ್ಲ. ಈ ವಾರ ಅವರು ಟಾಪೆಟ್ ಸೆಟ್ ಮಾಡಿಸ್ತಿದ್ದಾರೆ. ಏನೇ ಬರಲಿ, "ಇಂಜಿನ್ ಬಿಚ್ಚಬೇಕು" ಅನ್ನೋ ಒಂದು ಸಾಲಿಗೂ ಇದಕ್ಕೂ ಖರ್ಚಿನಲ್ಲಿ ಎಷ್ಟು ಅಂತರ ಅಂತ ನೀವೇ ಯೋಚಿಸಿ.

ಇನ್ನೂ ಖಚಿತ ಬೇಕು ಅಂದ್ರೆ ಲೀಕ್-ಡೌನ್ ಟೆಸ್ಟ್ ಇದೆ. ಪಿಸ್ಟನ್ ಮೇಲ್ಗಡೆ ನಿಲ್ಲಿಸಿ, ಎರಡೂ ವಾಲ್ವ್ ಮುಚ್ಚಿರುವಾಗ ಕಂಪ್ರೆಸರ್‌ನಿಂದ ಗಾಳಿ ತುಂಬಿ ಎಷ್ಟು ಪರ್ಸೆಂಟ್ ಸೋರುತ್ತೆ ಅಂತ ನೋಡೋದು. ಇದರಲ್ಲಿ ಕಿವಿಗೇ ಕೆಲಸ. ಸೈಲೆನ್ಸರ್‌ನಲ್ಲಿ ಸುಯ್ ಅಂದ್ರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಅಂದ್ರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಮುಚ್ಚಳದಲ್ಲಿ ಅಂದ್ರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್.

ಎಲ್ಲಾ ಇಂಜಿನ್‌ಗೂ ಒಂದೇ ಅಳತೆ ಅಲ್ಲ

ಈ ನಂಬರ್‌ಗಳನ್ನ ಬೇರೆ ಕಾರಿಗೆ ಎತ್ತಿಕೊಂಡು ಹೋಗಬೇಡಿ. ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೆನಪಿದೆಯಾ? ಅದರಲ್ಲಿದ್ದದ್ದು ಫೋಕ್ಸ್‌ವ್ಯಾಗನ್ ಸಮೂಹದ 1.8 ಟರ್ಬೊ, 20 ವಾಲ್ವ್. ಆ ಇಂಜಿನ್ ಕುಟುಂಬಕ್ಕೆ ಸವೆತದ ಮಿತಿ 7 ಬಾರ್, ಅಂದ್ರೆ ಸುಮಾರು 101 ಪಿಎಸ್‌ಐ. ಸಿಲಿಂಡರ್‌ಗಳ ನಡುವೆ 3 ಬಾರ್‌ವರೆಗೆ ವ್ಯತ್ಯಾಸ ಇರಬಹುದು. ಹೋಂಡಾದ ಮಿತಿಗಿಂತ ಎಷ್ಟು ಸಡಿಲ ನೋಡಿ.

ಇನ್ನು ಜಪಾನಿನ ಮಾಜ್ದಾ ಆರ್‌ಎಕ್ಸ್-7 ಬೇರೆಯದೇ ಲೋಕ. 1991ರಿಂದ 2002ರವರೆಗೆ ಬಂದ ಕೊನೆಯ ತಲೆಮಾರಿನಲ್ಲಿ ಪಿಸ್ಟನ್ ಇಲ್ಲ, ತ್ರಿಕೋನಾಕಾರದ ಎರಡು ರೋಟರ್. ಒಂದೊಂದಕ್ಕೆ ಮೂರು ಮುಖ, ಒಟ್ಟು ಆರು ನಂಬರ್ ಬೇಕು. ಮಾಮೂಲಿ ಗೇಜ್ ಒತ್ತಡವನ್ನ ಹಿಡಿದಿಟ್ಟುಕೊಳ್ಳುತ್ತೆ ಅಲ್ವಾ, ಹಾಗಾಗಿ ಮೂರರಲ್ಲಿ ಹೆಚ್ಚಿನದನ್ನ ಮಾತ್ರ ತೋರಿಸುತ್ತೆ. ಒಂದು ಮುಖದ ಸೀಲ್ ಪೂರ್ತಿ ಹೋಗಿದ್ದರೂ ಗೇಜ್ "ಚೆನ್ನಾಗಿದೆ" ಅನ್ನುತ್ತೆ. ಅದಕ್ಕೇ ಆ ಕಾರಿಗೆ ಮೂರು ಮುಖವನ್ನೂ ಬೇರೆಬೇರೆಯಾಗಿ, ಆರ್‌ಪಿಎಂ ಸಮೇತ ದಾಖಲಿಸುವ ವಿಶೇಷ ಟೆಸ್ಟರ್ ಬೇಕು. ಮಾಜ್ದಾದ ಅಳತೆ 250 ಆರ್‌ಪಿಎಂನಲ್ಲಿ, ಕನಿಷ್ಠ ಪ್ರತಿ ಚದರ ಸೆಂಟಿಮೀಟರ್‌ಗೆ 7 ಕೆಜಿ, ಅಂದ್ರೆ 100 ಪಿಎಸ್‌ಐ. ವಿದೇಶದಲ್ಲಿರೋ ನಮ್ಮ ಕೇಳುಗರು ಯಾರಾದ್ರೂ ಈ ಕಾರು ನೋಡ್ತಿದ್ದರೆ, ಒಂದೇ ನಂಬರ್ ಬರೆದ ರಿಪೋರ್ಟ್ ತೋರಿಸಿದರೆ ದುಡ್ಡು ಕೊಡಬೇಡಿ.

ಟ್ಯಾಲಿ ಆದರೂ ಕಾಣದ ಲೆಕ್ಕ

ಆಗಲೇ ಹೇಳಿದ ಎರಡನೇ ಮಾತು ಈಗ. ನಾಲ್ಕೂ ನಂಬರ್ ಚೆಂದ ಬಂದರೂ ಇಂಜಿನ್ ಪೂರ್ತಿ ಸರಿ ಇದೆ ಅಂತ ಅಲ್ಲ. ಆಯಿಲ್ ರಿಂಗ್ ಹೋಗಿ ಆಯಿಲ್ ಕುಡಿಯುವ ಇಂಜಿನ್‌ನಲ್ಲಿ ಆ ಆಯಿಲೇ ಸೀಲ್ ಮಾಡಿ ನಂಬರ್ ಹೆಚ್ಚು ತೋರಿಸಬಹುದು. ಪಿಸ್ಟನ್ ಮೇಲೆ ಕಾರ್ಬನ್ ಕಟ್ಟಿದ್ದರೆ ಜಾಗ ಕಡಿಮೆಯಾಗಿ ನಂಬರ್ ಏರುತ್ತೆ, ಅದೂ ಆರೋಗ್ಯ ಅಲ್ಲ. ಬೇರಿಂಗ್ ಸವೆತ, ಆಯಿಲ್ ಪಂಪ್, ಟರ್ಬೊ, ಇವನ್ನ ಈ ಗೇಜ್ ನೋಡೋದೇ ಇಲ್ಲ. ಹಳೆಯ ಕಾರು ಕೊಳ್ಳುವಾಗ ಕಂಪ್ರೆಷನ್ ಜೊತೆಗೆ ಆಯಿಲ್ ಪ್ರೆಷರ್, ತಣ್ಣಗಿರುವಾಗ ಸ್ಟಾರ್ಟ್ ಮಾಡಿದಾಗಿನ ಹೊಗೆ, ಕೂಲೆಂಟ್ ಬಣ್ಣ, ಇವೂ ಬೇಕು.

ಕೊನೆಗೆ, ಗ್ಯಾರೇಜಿಗೆ ಹೋಗುವಾಗ ಇಷ್ಟು ನೆನಪಿಟ್ಟುಕೊಳ್ಳಿ. ಒಂದು, ಯಾವ ಊರಲ್ಲಿ ಅಳೆದದ್ದು ಅಂತ ನೋಡಿ. ಎರಡು, ಒಂದು ನಂಬರ್ ಅಲ್ಲ, ಎಲ್ಲಾ ಸಿಲಿಂಡರ್‌ಗಳನ್ನ ಒಂದಕ್ಕೊಂದು ಹೋಲಿಸಿ. ಮೂರು, ಕಡಿಮೆ ಬಂದದ್ದಕ್ಕೆ ವೆಟ್ ಟೆಸ್ಟ್ ಆಗದೆ "ರಿಂಗ್" ಅನ್ನೋ ಮಾತಿಗೆ ಒಪ್ಪಬೇಡಿ. ನಾಲ್ಕು, ನಂಬರ್‌ಗಳನ್ನ ತಾರೀಖು ಹಾಕಿ ಇಟ್ಟುಕೊಳ್ಳಿ, ಮುಂದಿನ ವರ್ಷ ಅದೇ ಗೇಜ್‌ನಲ್ಲಿ ಮತ್ತೆ ಅಳೆಸಿ. ಒಂದು ವರ್ಷದ ಲೆಕ್ಕಕ್ಕಿಂತ ಎರಡು ವರ್ಷದ ಹೋಲಿಕೆ ಹೆಚ್ಚು ಹೇಳುತ್ತೆ, ಅಂಗಡಿ ಲೆಕ್ಕವಾದರೂ ಅಷ್ಟೇ, ಇಂಜಿನ್ ಲೆಕ್ಕವಾದರೂ ಅಷ್ಟೇ.

ಮೆಕ್ಯಾನಿಕ್‌ಗಳ ಮೇಲೆ ದೂರು ಹೇಳೋಕೆ ಈ ಸಂಚಿಕೆ ಮಾಡಿದ್ದಲ್ಲ. ಒಳ್ಳೆಯ ಮೆಕ್ಯಾನಿಕ್‌ಗೆ ಇದೆಲ್ಲಾ ಗೊತ್ತಿರುತ್ತೆ, ನೀವು ಕೇಳಿದರೆ ಖುಷಿಯಿಂದ ಮಾಡಿ ತೋರಿಸ್ತಾರೆ. ಕೇಳಿ, ಅಷ್ಟೇ. ನಿಮ್ಮ ಹತ್ರಾನೂ ಹೀಗೆ ಒಂದು ಚೀಟಿ ಇದ್ದರೆ ಫೋಟೋ ತೆಗೆದು ಕಳಿಸಿ, ಊರಿನ ಹೆಸರು ಬರೆಯೋದು ಮರೀಬೇಡಿ. ಮುಂದಿನ ವಾರ ಟೈಮಿಂಗ್ ಬೆಲ್ಟ್ ಬಗ್ಗೆ ಮಾತಾಡೋಣ.